ಅಧ್ಯಕ್ಷೆಗೆ ಯಾರೂ ಇಲ್ಲ

ನನಗಿರುವುದು ಒಬ್ಬಳೇ ಅಕ್ಕ. ಆಕೆ ಪುರಸಭೆಯ ಆರೋಗ್ಯ ಸಮಿತಿಗೆ ಅಧ್ಯಕ್ಷೆ. ನಾನು ಹಿಂದಿನ ಬೆಂಚಿನಲ್ಲಿ ಕೂತು ಕೇಳಿಸಿಕೊಳ್ಳುತ್ತಿದ್ದಾಗಲೇ, ತುಂಬಿದ ಸಭೆಯಲ್ಲಿ, "ಆ ರೂಮಲ್ಲಿ ನನಗೆ ಸಂಬಂಧಪಟ್ಟವರು ಯಾರೂ ಇಲ್ಲ" ಎಂದು ಹೇಳಿಬಿಟ್ಟಳು. ಮುಖದ ಮೇಲೆ ಒಂದು ಗೆರೆಯೂ ಅಲುಗಲಿಲ್ಲ. ಚಿಕ್ಕಂದಿನಲ್ಲಿ ಸಕ್ಕರೆ ಡಬ್ಬಿ ಖಾಲಿ ಮಾಡಿ ತಪ್ಪನ್ನು ನನ್ನ ತಲೆಗೆ ಕಟ್ಟುವಾಗಲೂ ಅವಳ ಮುಖ ಹೀಗೇ ಇರುತ್ತಿತ್ತು.

ಹಾಗೆ ಹೇಳುವ ಪ್ರಸಂಗ ಯಾಕೆ ಬಂತೆಂದು ಹೇಳುತ್ತೇನೆ. ನಮ್ಮೂರ ಆಸ್ಪತ್ರೆಯ ಹಿಂಭಾಗದಲ್ಲಿ ಒಂದು ಡಯಾಲಿಸಿಸ್ ಕೋಣೆಯಿದೆ. ಆರು ಕುರ್ಚಿ, ಆರು ಮಷೀನು. ಅದರಲ್ಲೊಂದು ಯಾವಾಗಲೂ ಕೆಟ್ಟಿರುತ್ತದೆ. ನನ್ನಂತೆ ಕಿಡ್ನಿ ಕೈಕೊಟ್ಟವರು ವಾರಕ್ಕೆ ಮೂರು ದಿನ ಅಲ್ಲಿಗೆ ಹೋಗಿ, ತೋಳಿಗೆ ಸೂಜಿ ಚುಚ್ಚಿಸಿಕೊಂಡು, ನಾಲ್ಕು ಗಂಟೆ ಕೂತು ರಕ್ತ ತೊಳೆಸಿಕೊಂಡು ಬರುತ್ತೇವೆ. ಒಗೆದ ಬಟ್ಟೆಯಾದರೂ ಹೊಸದಾಗಿ ಕಾಣುತ್ತದೆ, ನಾವು ಮಾತ್ರ ಹಿಂಡಿ ಹಾಕಿದ ಹಾಗೆ ಕಾಣುತ್ತೇವೆ. ಈ ಕೋಣೆಯನ್ನು ಮುಚ್ಚಿ ನಮ್ಮನ್ನೆಲ್ಲ ದೂರದ ದೊಡ್ಡಾಸ್ಪತ್ರೆಗೆ ಕಳಿಸಬೇಕೆಂದು ವಿಭಾಗದ ಆರೋಗ್ಯ ಮಂಡಳಿ ಹೊರಟಿತ್ತು. ನರ್ಸುಗಳು ಸಾಲುತ್ತಿಲ್ಲ, ನೀರು ಶುದ್ಧ ಮಾಡುವ ಯಂತ್ರ ಹಳೆಯದಾಯಿತು ಎಂಬ ಅವರ ಕಾರಣಗಳೇನೂ ಸುಳ್ಳಲ್ಲ. ಆದರೆ ದೊಡ್ಡಾಸ್ಪತ್ರೆಗೆ ಬಸ್ಸಿನಲ್ಲಿ ಹೋಗಲು ಎರಡೂವರೆ ಗಂಟೆ ಬೇಕು, ಬರಲು ಮತ್ತೆ ಅಷ್ಟೇ. ಆ ರೂಟಿನಲ್ಲೇ ಕಂಡಕ್ಟರನಾಗಿ ನನ್ನ ಅರ್ಧ ಆಯಸ್ಸು ಕಳೆದಿದೆ. ಗುಂಡುಕಲ್ಲಿನಂಥವರೇ ಆ ರಸ್ತೆಯಲ್ಲಿ ಕಿಟಕಿಯಿಂದ ತಲೆ ಹೊರಹಾಕಿ ವಾಂತಿ ಮಾಡಿಕೊಂಡದ್ದನ್ನು ನೋಡಿದ್ದೇನೆ. ಎದ್ದು ನಿಂತರೆ ಕಣ್ಣು ಕತ್ತಲೆ ಬರುವ ನಮ್ಮ ಪಾಡೇನು?

ಮಂಡಳಿಯ ಮೇಲೆ ಪುರಸಭೆಗಿರುವ ಅಧಿಕಾರ, ಮನೆಯ ಮೂಲೆಯಲ್ಲಿ ಕೂತ ಮುದುಕನಿಗೆ ಮನೆಮಂದಿಯ ಮೇಲಿರುವಷ್ಟೇ. ಕೆಮ್ಮಬಹುದು. ಆರೋಗ್ಯ ಸಮಿತಿ ಮತಕ್ಕೆ ಹಾಕಿ ಆಕ್ಷೇಪಣೆ ಕಳಿಸಿದರೆ ಮಂಡಳಿ ಒಂದು ವರ್ಷ ಆ ಕೋಣೆಯ ತಂಟೆಗೆ ಬರುವಂತಿಲ್ಲ. ಅದಕ್ಕಿಂತ ಹೆಚ್ಚೇನೂ ಇಲ್ಲ. ಆದರೆ ನಮ್ಮಂಥವರಿಗೆ ಒಂದು ವರ್ಷ ಸಣ್ಣ ಮಾತಲ್ಲ; ಕೆಲವರಿಗಂತೂ ಅದಕ್ಕಿಂತ ಹೆಚ್ಚು ಬೇಕಾಗುವುದೂ ಇಲ್ಲ.

ಇದಕ್ಕೂ ಒಂದು ನಿಯಮ ಅಡ್ಡವಿತ್ತು. ಸದಸ್ಯರ ಹತ್ತಿರದ ಸಂಬಂಧಿಕರು ಆ ಕೋಣೆಯಲ್ಲಿ ಚಿಕಿತ್ಸೆ ಪಡೆಯುತ್ತಿದ್ದರೆ ಆ ಸದಸ್ಯರು ಎದ್ದು ಹೋಗಬೇಕು, ಬಾಯಿ ಬಿಡಬಾರದು, ಮತ ಹಾಕಬಾರದು. ಅಂದರೆ ಕೋಣೆಯ ಬಿಸಿ ತಟ್ಟಿದವರು ಹೊರಗೆ, ಅದರ ಬಾಗಿಲು ಯಾವ ಕಡೆಗಿದೆ ಎಂದೂ ಅರಿಯದವರು ಒಳಗೆ. ನಿಯಮ ಬರೆದ ಪುಣ್ಯಾತ್ಮರು ಸಣ್ಣ ಊರಿನಲ್ಲಿ ಒಂದು ದಿನವೂ ಬಾಳಿದವರಲ್ಲ.

ಸಮಿತಿಯಲ್ಲಿ ಐದು ಜನ. ಮಂಡಳಿ ಹೂಂ ಅಂದರೆ ಹೂಂ ಅನ್ನುವವರು ಇಬ್ಬರು. ಅಕ್ಕ ಕೈಯೆತ್ತಿದಾಗ ಎಚ್ಚರಾಗಿ ತಾನೂ ಕೈಯೆತ್ತುವ ತೂಕಡಿಕೆ ತಾತ ಒಬ್ಬ. ಇನ್ನೊಬ್ಬ ವಿರೋಧ ಪಕ್ಷದ ಕಂಟ್ರಾಕ್ಟರು. ಅವನ ಗಂಟಲಿಗೆ ಮೈಕು ಬೇಡವಾದ್ದರಿಂದ ಊರೆಲ್ಲ ಅವನನ್ನು ಗುಡುಗು ಅನ್ನುತ್ತದೆ. ಅಕ್ಕನಿಗೂ ಅವನಿಗೂ ಎಣ್ಣೆ ಸೀಗೆಕಾಯಿ. ಅವನ ಹೆಂಡತಿ ನನ್ನ ಪಕ್ಕದ ಕುರ್ಚಿಯಲ್ಲೇ ರಕ್ತ ತೊಳೆಸಿಕೊಳ್ಳುತ್ತಾರೆ.

ಅವತ್ತು ಕಾರ್ಯದರ್ಶಿ ನಿಯಮ ಓದಿ ಮುಗಿಸುತ್ತಲೇ ಗುಡುಗು ಎದ್ದು ನಿಂತ.

"ನನ್ನ ಹೆಂಡ್ತಿ ಇದಾಳೆ ಅಲ್ಲಿ. ಊರಿಗೇ ಗೊತ್ತು. ಹೋಗ್ತೀನಿ," ಎಂದವನು ಕುರ್ಚಿ ಸರಿಸಿ, ಅಕ್ಕನ ಕಡೆ ತಿರುಗಿ ನಿಂತುಕೊಂಡ. ಇನ್ನು ನಿನ್ನ ಸರದಿ ಎನ್ನುವ ಹಾಗೆ.

ಉಳಿದವರು ನಾಲ್ವರು. ಅಕ್ಕ ಇದ್ದರೆ ಇಬ್ಬರಿಗೆ ಇಬ್ಬರು, ಸಮ ಬಂದರೆ ಅಧ್ಯಕ್ಷೆಗೆ ಇನ್ನೊಂದು ಮತ. ಅಕ್ಕ ಎದ್ದು ಹೋದರೆ ಕೋಣೆ ಅವತ್ತೇ ಮುಚ್ಚಿದ ಹಾಗೆ. ಆಗಲೇ ಅವಳು ಆ ಮಾತು ಹೇಳಿದ್ದು. ಕೋಣೆಯನ್ನು ಕಣ್ಣಾರೆ ನೋಡದೆ ಮತಕ್ಕೆ ಹಾಕುವುದಿಲ್ಲ ಎಂದೂ ಪಟ್ಟು ಹಿಡಿದಳು. ಮಂಡಳಿಯಿಂದ ಬಂದ ಅಧಿಕಾರಿ, ಕಣ್ಣಿನ ಕೆಳಗೆ ಕಪ್ಪುಗಟ್ಟಿದ ಒಬ್ಬ ಹೆಂಗಸು, ಆಗಲಿ ಎಂದರು. ಗುಡುಗು ಬಾಯಿ ತೆರೆದಿದ್ದರೆ ಒಂದೇ ಮಾತಿಗೆ ಎಲ್ಲ ಮುಗಿದುಹೋಗುತ್ತಿತ್ತು. ಅವನು ನನ್ನನ್ನೊಮ್ಮೆ ನೋಡಿ, ಬಾಗಿಲನ್ನು ಸದ್ದಾಗದಂತೆ ಎಳೆದುಕೊಂಡು ಹೋದ. ಹೂಂ ಅನ್ನುವ ಇಬ್ಬರೂ ಫ್ಯಾನು ನೋಡುತ್ತಿದ್ದರು. ನಾಳೆ ಅವರೂ ಇದೇ ಊರಿನಲ್ಲಿ ಬಾಳಬೇಕಲ್ಲ.

ಸಂಜೆ ಫೋನು ಮಾಡಿ ಕೇಳಿದೆ. "ಏನಕ್ಕಾ, ನಾನು ನಿಂಗೆ ಯಾರೂ ಅಲ್ವಾ?"

"ಬಾಯ್ಮುಚ್ಚು. ಇವತ್ತು ನೀರೆಷ್ಟು ಕುಡಿದೆ?"

"ಸಂಬಂಧವಿಲ್ಲದವರಿಗೆಲ್ಲ ಲೆಕ್ಕ ಕೊಡಲ್ಲ."

"ಲೋ, ತಮಾಷೆ ಸಾಕು. ಮತ ಆಗೋ ತನಕ ನಾನು ಆಸ್ಪತ್ರೆ ಕಡೆ ಬರಲ್ಲ. ನೀನೂ ಮನೆಗೆ ಬರ್ಬೇಡ." ಕೊನೆಗೆ, "ಊಟ ಸರಿಯಾಗಿ ಮಾಡು," ಎಂದು ಇಟ್ಟುಬಿಟ್ಟಳು.

ನನ್ನ ಹೆಂಡತಿ ತೀರಿಹೋದ ಮೇಲೆ ಆ ಕೋಣೆಯಲ್ಲಿ ನನ್ನ ಪಕ್ಕದ ಸ್ಟೂಲು ಅಕ್ಕನದಾಗಿತ್ತು. ನಾಲ್ಕು ಗಂಟೆಯೂ ಬೈಯುತ್ತಾ ಕೂರುತ್ತಿದ್ದಳು. ಮಷೀನು ಮೈಯ ನೀರೆಳೆಯುವಾಗ ಒಮ್ಮೊಮ್ಮೆ ನನ್ನ ಮೀನಖಂಡ ಹಿಡಿದುಕೊಳ್ಳುತ್ತದೆ, ಕಾಲನ್ನು ಯಾರೋ ಹಗ್ಗದಂತೆ ಹೊಸೆದ ಹಾಗೆ. ಆಗ ಅವಳು ಬೈಗುಳ ನಿಲ್ಲಿಸದೆಯೇ ನನ್ನ ಪಾದ ಹಿಡಿದು, ಬೆರಳುಗಳನ್ನು ಮೊಣಕಾಲಿನ ಕಡೆಗೆ ಒತ್ತುತ್ತಿದ್ದಳು. ಈಗ ಸ್ಟೂಲು ಖಾಲಿ. ನರ್ಸಮ್ಮ ಅದರ ಮೇಲೆ ಹತ್ತಿ ಡಬ್ಬಿ ಇಟ್ಟುಕೊಂಡರು. ಅಕ್ಕನ ಬೈಗುಳ ನನಗೆ ಬೇಕಾಗುತ್ತದೆಂದು ಯಾರಾದರೂ ಹೇಳಿದ್ದರೆ ನಕ್ಕುಬಿಡುತ್ತಿದ್ದೆ. ಬೇಕಾಯಿತು, ಬಹಳ ಬೇಕಾಯಿತು.

ಸಮಿತಿ ಬಂದ ದಿನ ಅಧಿಕಾರಿ ಮುಂದೆ, ಅಕ್ಕ ಹಿಂದೆ. ಗುಡುಗು ಆಗಲೇ ಹೆಂಡತಿಯ ಪಕ್ಕ ಕೂತಿದ್ದ, ಮತದಿಂದ ಹೊರಗುಳಿದವನಾದ್ದರಿಂದ ಅವನಿಗೆ ಅಡ್ಡಿಯಿರಲಿಲ್ಲ. ಅಕ್ಕ ಪ್ರತಿ ಕುರ್ಚಿಯ ಹತ್ತಿರವೂ ನಿಂತು ಮಾತಾಡಿಸುತ್ತಾ ನನ್ನ ಬಳಿಗೂ ಬಂದಳು.

"ಎಷ್ಟು ದಿನದಿಂದ ಬರ್ತಿದೀರಿ?"

"ಮೂರು ವರ್ಷ ಆಯ್ತು, ಮೇಡಂ."

"ಜೊತೆಗೆ ಯಾರೂ ಬಂದಿಲ್ವಾ?"

"ಇಲ್ಲ, ಮೇಡಂ."

ಅಕ್ಕನನ್ನು ಮೇಡಂ ಅಂದದ್ದು ಅದೇ ಮೊದಲು. ಬೇರೆ ದಿನವಾಗಿದ್ದರೆ ಇಬ್ಬರೂ ಹೊಟ್ಟೆ ಹಿಡಿದು ನಗುತ್ತಿದ್ದೆವು. ಆದರೆ ಅಷ್ಟರಲ್ಲೇ ಹಾಳು ಮೀನಖಂಡ ಹಿಡಿದುಕೊಂಡಿತು. ಹಲ್ಲು ಕಚ್ಚಿದೆ. ಆಗಲಿಲ್ಲ, ಕೂಗಿಬಿಟ್ಟೆ. ನರ್ಸಮ್ಮ ಆ ತುದಿಯಲ್ಲಿ ಇನ್ನೊಬ್ಬರ ಸೂಜಿ ತೆಗೆಯುತ್ತಿದ್ದರು. ಅಕ್ಕ ಒಂದು ಹೆಜ್ಜೆ ಮುಂದಿಟ್ಟಳು. ಬೇಡ ಎಂದು ನಾನು ಕಣ್ಣಲ್ಲೇ ಗದರಿಸಿದೆ. ಅವಳು ನಿಂತಲ್ಲೇ ನಿಂತಳು. ಎರಡೂ ಕೈಯಲ್ಲಿ ತನ್ನ ಬ್ಯಾಗಿನ ಪಟ್ಟಿಯನ್ನು ಬಟ್ಟೆ ಹಿಂಡಿದಂತೆ ಹಿಂಡುತ್ತಿದ್ದಳು.

ಎದ್ದು ಬಂದವನು ಗುಡುಗು. ಏನೂ ಕೇಳದೆ ನನ್ನ ಕಾಲಬುಡದಲ್ಲಿ ಕೂತು ಪಾದ ಹಿಡಿದ. ಮೂರು ವರ್ಷ ಪಕ್ಕದಲ್ಲಿದ್ದೂ ನಮ್ಮಿಬ್ಬರ ನಡುವೆ ಮಾತಿರಲಿಲ್ಲ.

"ಹಾಗಲ್ಲ!" ಅಕ್ಕನ ಬಾಯಿಂದ ಹೊರಟೇಹೋಯಿತು. "ಹೆಬ್ಬೆರಳು ಹಿಡೀರಿ. ಮೇಲಕ್ಕೊತ್ತಿ. ಹಿಮ್ಮಡಿ ಬಿಡಬೇಡಿ, ಬಿಟ್ರೆ ಮತ್ತೆ ಹಿಡ್ಕೊಳುತ್ತೆ ಅವನಿಗೆ."

ಅವನಿಗೆ ಎಂದಳು. ಅಧಿಕಾರಿ ತಿರುಗಿ ಅವಳ ಮುಖ ನೋಡಿದರು.

ಎಲ್ಲರೂ ನೀರಿನ ಯಂತ್ರ ನೋಡಲು ಹೋದಾಗ ಅಧಿಕಾರಿ ಒಬ್ಬರೇ ಹಿಂದೆ ಉಳಿದರು. ಹತ್ತಿ ಡಬ್ಬಿ ಕೆಳಗಿಟ್ಟು ಅಕ್ಕನ ಸ್ಟೂಲಿನ ಮೇಲೆ ಕೂತರು.

"ಆ ಮೇಡಂ ನಿಮಗೆ ಏನಾಗ್ಬೇಕು?"

"ಏನೂ ಆಗಬೇಕಿಲ್ಲ."

ಅವರು ನಿಟ್ಟುಸಿರು ಬಿಟ್ಟರು. "ನೋಡಿ, ನಂಗೂ ಸಾಕಾಗಿದೆ. ಹೋದ ಊರಲ್ಲೆಲ್ಲ ಶಾಪ ಹಾಕಿಸ್ಕೊಂಡು ಬರೋದೇ ನನ್ನ ಕೆಲಸ. ಹೋದ ಸಭೇಲಿ ಮತ ಆಗಿಲ್ಲ, ಅದನ್ನ ಕೆದಕಲ್ಲ. ಮತ ಹಾಕೋ ದಿನ ಈ ರೂಮಲ್ಲಿ ಯಾರ್ಯಾರ ಕಡೆಯವರಿದಾರೆ ಅಂತ ಮಾತ್ರ ನಾನು ನೋಡ್ಲೇಬೇಕು. ಅವತ್ತು ಕಣ್ಣು ಮುಚ್ಕೊಳೋಕಾಗಲ್ಲ."

ಸಂಜೆ ಅಕ್ಕನೇ ಫೋನು ಮಾಡಿದಳು. ದನಿ ಬಿದ್ದುಹೋಗಿತ್ತು. "ನನ್ನ ಕೈಲಾಗಲ್ಲ ಕಣೋ. ನೀನು ಕೂಗ್ತಿರೋವಾಗ ಮರದ ಬೊಂಬೆ ಹಾಗೆ ನಿಂತಿದ್ದೆ. ಮತದ ದಿನ ನಿಜ ಹೇಳಿ ಎದ್ದು ಹೋಗ್ತೀನಿ. ಆಗೋದಾಗ್ಲಿ."

"ಹೋದ್ರೆ ರೂಮು?"

"ನಂಗೊತ್ತಿಲ್ಲ. ಸುಸ್ತಾಗಿದೆ."

ಅವಳು ಹೇಳಿದರೆ ಹೇಳಿದಂತೆಯೇ. ನಾನು ಕೂತು ಯೋಚಿಸಿದೆ. ಗುಡುಗಿನ ಹೆಂಡತಿಯನ್ನು ಮನೆಯಿಂದ ಆಸ್ಪತ್ರೆಗೆ ತರಲೇ ಇಬ್ಬರು ಬೇಕು. ಆ ಬಸ್ಸಿನಲ್ಲಿ ಆಕೆ ಒಂದು ತಿಂಗಳು ತಡೆಯಲಾರರು. ಉಳಿದವರಲ್ಲಿ ನಾನೇ ಸ್ವಲ್ಪ ಗಟ್ಟಿ. ರಸ್ತೆಯ ಹಳ್ಳಗಳೆಲ್ಲ ನನಗೆ ಬಾಯಿಪಾಠ. ಮಾರನೆಯ ದಿನ ಡಾಕ್ಟರ ಹತ್ತಿರ ಹೋಗಿ, ನನ್ನನ್ನು ದೊಡ್ಡಾಸ್ಪತ್ರೆಗೆ ಹಾಕಿಬಿಡಿ ಎಂದೆ. ನನ್ನ ಕುರ್ಚಿಗೆ, ಸರದಿಗಾಗಿ ಕಾಯುತ್ತಿದ್ದ ಒಬ್ಬ ಟೀಚರಮ್ಮ ಬಂದರು. "ಹುಚ್ಚು ಹಿಡಿದಿದ್ಯೇನ್ರೀ?" ಎಂದು ನರ್ಸಮ್ಮ ಬೈದರು. ಅಕ್ಕನಿಗೆ ಹೇಳಬಾರದೆಂದು ಅವರಿಂದ ಮಾತು ತೆಗೆದುಕೊಂಡೆ. ಹಾವೂ ಸಾಯಬಾರದು, ಕೋಲೂ ಮುರಿಯಬಾರದು ಎನ್ನುತ್ತಾರಲ್ಲ, ಹಾಗೆ ಮಾಡಿದೆನೆಂದು ಒಳಗೊಳಗೇ ಬೀಗಿದೆ ಕೂಡ.

ಮತದ ದಿನ ನಾನು ದೊಡ್ಡಾಸ್ಪತ್ರೆಯ ಉದ್ದನೆಯ ಹಾಲಿನಲ್ಲಿ, ಹೆಸರು ಗೊತ್ತಿಲ್ಲದವರ ಸಾಲಿನಲ್ಲಿ ಮಲಗಿದ್ದೆ. ನಡೆದದ್ದನ್ನೆಲ್ಲ ಹೇಳಿದವನು ಗುಡುಗು. ಬಾಗಿಲಾಚೆ ನಿಂತು ಸಂದಿಯಿಂದ ಎಲ್ಲ ನೋಡಿದನಂತೆ, ಅಲ್ಲಿಂದಲೇ ಫೋನು ಮಾಡಿದ.

"ಕಂಡಕ್ಟ್ರೇ, ನಿಮ್ಮಕ್ಕ ಎದ್ದು ನಿಂತ್ರು. ಹೋದ ಸಲ ಸುಳ್ಳು ಹೇಳಿದೆ, ನನ್ನ ಒಡಹುಟ್ಟಿದ ತಮ್ಮ ಆ ರೂಮಲ್ಲಿದಾನೆ, ನಾನು ಹೊರಗೆ ಹೋಗ್ತೀನಿ ಅಂದ್ರು. ಆ ಆಫೀಸರಮ್ಮ, ಕೂತ್ಕೊಳಿ ಮೇಡಂ, ಬೆಳಗ್ಗೆ ನಾನೇ ಹೋಗಿ ನೋಡ್ಕೊಂಡು ಬಂದಿದೀನಿ, ಆ ರೂಮಲ್ಲಿ ನಿಮ್ಮವರು ಯಾರೂ ಇಲ್ಲ ಅಂದ್ರು."

"ಆಮೇಲೆ?"

"ಆಮೇಲೇನು, ನಿಮ್ಮಕ್ಕ ಕುರ್ಚಿ ಮೇಲೆ ಕುಸಿದ್ರು. ತಾತ ಯಾವತ್ತೂ ಇಲ್ಲದ್ದು ತಾನೇ ಮೊದಲು ಕೈಯೆತ್ತಿದ, ಆಮೇಲೆ ನಿಮ್ಮಕ್ಕನೂ ಎತ್ತಿದ್ರು. ಸಮ ಬಂತು. ಅಧ್ಯಕ್ಷರ ಮತಾನೂ ಬಿತ್ತು. ಒಂದು ವರ್ಷ, ಕಂಡಕ್ಟ್ರೇ." ಗುಡುಗಿಗೂ ಸಣ್ಣ ದನಿ ಇದೆಯೆಂದು ಆಗ ಗೊತ್ತಾಯಿತು.

ಅಕ್ಕನಿಂದ ಫೋನು ಬರಲಿಲ್ಲ. ನಾನು ಮಾಡಿದರೂ ಎತ್ತಲಿಲ್ಲ. ಮುಂದಿನ ಸರದಿಯ ದಿನ ಬೆಳಗಿನ ಬಸ್ಸು ಹತ್ತಿದರೆ, ಚಕ್ರದ ಮೇಲಿನ ಸೀಟಿನಲ್ಲಿ, ಮಡಿಲಲ್ಲಿ ಬ್ಯಾಗಿಟ್ಟುಕೊಂಡು ಕೂತಿದ್ದಾಳೆ.

"ಎಲ್ಲಿಗೆ ಹೊರಟೆ?"

ಕಿಟಕಿಯ ಕಡೆಗೆ ಸರಿದಳು. ಪಕ್ಕದಲ್ಲಿ ಕೂತೆ. ಟಿಕೇಟಿನವನು ಬಂದು ಎಷ್ಟು ಜನ ಎಂದ.

"ಇಬ್ರು," ಎಂದಳು ಅಕ್ಕ, ಸಭೆಯಲ್ಲಿ ಮಾತಾಡುವ ದನಿಯಲ್ಲಿ. "ಇವನು ನನ್ನ ತಮ್ಮ."

ಅದನ್ನು ಅವನು ಕೇಳಿಯೇ ಇರಲಿಲ್ಲ. ಪಾಪ, ಹೌದಾ ಅಮ್ಮ ಎಂದು ಚಿಲ್ಲರೆ ಕೊಟ್ಟು ಮುಂದೆ ಹೋದ.

ಊರು ದಾಟಿ ರಸ್ತೆ ಕೆಟ್ಟಿತು. ಪ್ರತಿ ಹಳ್ಳಕ್ಕೂ ಅವಳ ಮೊಣಕಾಲುಗಳು ಮುಂದಿನ ಸೀಟಿನ ಕಬ್ಬಿಣಕ್ಕೆ ಬಡಿಯುತ್ತಿದ್ದವು. ಮೆಟ್ಟಿಲು ಹತ್ತಿದರೆ ಎರಡು ದಿನ ಮಲಗುವ ಮೊಣಕಾಲುಗಳು. ಅವಳು ತುಟಿ ಕಚ್ಚಿ ಕಿಟಕಿಯಾಚೆ ನೋಡುತ್ತಿದ್ದಳು. ನಾನು ಎಲ್ಲವನ್ನೂ ಯೋಚಿಸಿದ್ದೆ, ಗುಡುಗಿನ ಹೆಂಡತಿಯನ್ನು, ಟೀಚರಮ್ಮನನ್ನು, ನನ್ನ ಹೊಟ್ಟೆ ತೊಳಸುವುದನ್ನು. ಇವಳು ಬಂದೇ ಬರುತ್ತಾಳೆ ಎನ್ನುವುದನ್ನು ಮಾತ್ರ ಯೋಚಿಸಿರಲಿಲ್ಲ.

"ಅಕ್ಕಾ, ಮುಂದಿನ ಸ್ಟಾಪಲ್ಲಿ ಇಳಿದು ಮನೆಗೆ ಹೋಗು. ನಾನು ಒಬ್ನೇ ಹೋಗಿ ಬರ್ತೀನಿ. ಏನೂ ಆಗಲ್ಲ."

ಅವಳು ಈಗ ನನ್ನ ಕಡೆ ತಿರುಗಿದಳು. ಕಣ್ಣು ಕೆಂಪಾಗಿದ್ದವು.

"ಯಾರೂ ಇಲ್ಲ ಅಂತ ಒಂದ್ಸಲ ಹೇಳಿದೀನಿ. ಹೇಳಿ ಮನೆಗೆ ಬಂದು ಮೂರು ದಿನ ಅನ್ನ ಸೇರ್ಲಿಲ್ಲ ನಂಗೆ. ಅದನ್ನ ಇನ್ನೊಂದ್ಸಲ, ನಿಜವಾಗ್ಲೂ ಹೇಳೋ ಹಾಗೆ ಮಾಡ್ಬೇಡ." ಮೂಗು ಒರೆಸಿಕೊಂಡಳು. "ಬೆಳಗ್ಗೆಯಿಂದ ನೀರೆಷ್ಟು ಕುಡಿದೆ?"

"ಅರ್ಧ ಲೋಟ."

"ಸುಳ್ಳು."

ಮುಂದೆ ಮುರಿದ ಸೇತುವೆಯ ಹತ್ತಿರ ಎಲ್ಲಕ್ಕಿಂತ ದೊಡ್ಡ ಹಳ್ಳವಿದೆ ಎಂದು ನನಗೆ ಗೊತ್ತಿತ್ತು. ಅದು ಬರುವ ಮೊದಲೇ, ಸೂಜಿ ಚುಚ್ಚದ ಕೈಯನ್ನು ಅವಳ ಮೊಣಕಾಲಿಗೂ ಕಬ್ಬಿಣಕ್ಕೂ ನಡುವೆ ಅಡ್ಡ ಇಟ್ಟೆ.