ಸದ್ಯಕ್ಕೊಂದು ಸೋಪು

ತೊಟ್ಟು ಬಿತ್ತು, ಡಾಂಬರಿನ ಮೇಲೆ ಬಿದ್ದದ್ದೇ ತಡ ಹರಡಿಕೊಂಡು ಬಣ್ಣಬಣ್ಣವಾಯಿತು, ನೇರಳೆ, ಹಸಿರು, ಅಂಚಿಗೊಂದಿಷ್ಟು ಚಿನ್ನ, ನೋಡಲಿಕ್ಕೇನೋ ಚೆಂದವೇ ಈ ಹಾಳಾದ್ದು — ಇನ್ನೊಂದು ತೊಟ್ಟು, ಈ ಸಲ ಮೂಗಿನ ಪಕ್ಕದಲ್ಲೇ, ದೇವರಾಜ ಮುಖ ತಿರುಗಿಸಿದ, ಮಲವಗೊಪ್ಪ ದಾಟಿ ರಸ್ತೆ ಬದಿಗೆ ಓಮ್ನಿ ನಿಲ್ಲಿಸಿ, ಗೋಣಿಚೀಲ ಹಾಸಿಕೊಂಡು ಅದರ ಹೊಟ್ಟೆಯಡಿ ಅಂಗಾತ ಮಲಗಿದ್ದಾನೆ, ಮೈಮೇಲೆ ಇಸ್ತ್ರಿ ಮಾಡಿದ ಬಿಳಿ ಅಂಗಿ, ಹೆಂಡತಿಯನ್ನು ಕರೆತರಲು ಭದ್ರಾವತಿಗೆ ಹೊರಟವನ ಅಂಗಿ, ಬೆಳಿಗ್ಗೆ ಟ್ಯಾಂಕಿಗೆ ಒತ್ತಿದ್ದ ಸೋಪು ಎಲ್ಲಿ ಹೋಯಿತು, ಎಲ್ಲಿ ಹೋಗುತ್ತದೆ, ರಾತ್ರಿ ಸುರಿದ ಮಳೆ ಗುಂಡಿಗುಂಡಿಯಲ್ಲೂ ನಿಂತಿದೆ, ಚಕ್ರ ಇಳಿದಾಗಲೆಲ್ಲ ನೀರು ತಳಕ್ಕೆ ರಪ್ಪೆಂದು ರಾಚಿದೆ, ಪೆಟ್ರೋಲಿಗೆ ಜಗ್ಗದ ಸೋಪು ನೀರಿಗೆ ಬಿಟ್ಟುಕೊಳ್ಳುತ್ತದೆ, ಗೊತ್ತಿಲ್ಲದ ವಿಷಯವೇ ಅವನಿಗೆ, ಓಮ್ನಿ ಸ್ಟ್ಯಾಂಡಿನಲ್ಲಿ ಎಲ್ಲರಿಗೂ ಹೇಳಿಕೊಟ್ಟವನೇ ಅವನು, ಟ್ಯಾಂಕ್ ಸೋರ್ತಿದ್ರೆ ಗಾಬರಿ ಬೀಳ್ಬೇಡ ಮಾರಾಯ, ಬಟ್ಟೆ ಸೋಪು ತಗೊಂಡು ಚೆನ್ನಾಗಿ ನಾದು, ಹೆಬ್ಬೆಟ್ಟಲ್ಲಿ ಒತ್ತು, ನಿಂತೋಗುತ್ತೆ, ಸದ್ಯಕ್ಕೆ. ಸದ್ಯಕ್ಕೆ — ಗೋಪಾಳ ಬಡಾವಣೆಯ ಬಾಡಿಗೆ ಮನೆಯ ನಲ್ಲಿಗೆ ಸೈಕಲ್ ಟ್ಯೂಬು ಸುತ್ತಿದ್ದೂ ಸದ್ಯಕ್ಕೆ, ಕಿಟಕಿಯ ಒಡೆದ ಗಾಜಿಗೆ ರಟ್ಟು ಅಂಟಿಸಿದ್ದೂ ಸದ್ಯಕ್ಕೆ, ವೀಣಾ ಬಂದವರೆದುರೆಲ್ಲ ನಗುತ್ತಿದ್ದಳು, ನಮ್ಮನೇಲಿ ಎಲ್ಲಾ ಸದ್ಯಕ್ಕೇ ಇರೋದು ಕಣ್ರೀ, ಗಂಡನೂ ಸದ್ಯಕ್ಕೆ, ಒಳ್ಳೇದು ಸಿಗೋವರೆಗೆ, ಅವನೂ ನಗುತ್ತಿದ್ದ, ನಗುವ ಕಾಲದಲ್ಲಿ ನಕ್ಕದ್ದೇ ಬಂತು.

ಜೇಬಿನಿಂದ ನೀಲಿ ಸೋಪಿನ ತುಂಡು ತೆಗೆದು ಅಂಗೈಯಲ್ಲಿ ನಾದತೊಡಗಿದ, ಗಟ್ಟಿ ಇದೆ, ನಾದಬೇಕು, ಹಿಟ್ಟಿನ ಹಾಗೆ — ಹಿಟ್ಟು ಅವಳ ಕೆಲಸ, ದೋಸೆ ಹಿಟ್ಟು, ಇಡ್ಲಿ ಹಿಟ್ಟು, ಅವಳು ರುಬ್ಬಿ ಪ್ಯಾಕೆಟ್ ಮಾಡುವುದು, ಇವನು ಬೆಳಕು ಹರಿಯುವಾಗ ಓಮ್ನಿಯಲ್ಲಿ ತುಂಬಿಕೊಂಡು ಅಂಗಡಿಗಳಿಗೆ ಹಾಕುವುದು, ಉಪ್ಪು ಹಾಕಿದ ಮೇಲೆ ಹಿಟ್ಟನ್ನು ಸೌಟಿನಲ್ಲಿ ಮುಟ್ಟಲು ಬಿಡುತ್ತಿರಲಿಲ್ಲ, ಬಲಗೈ ಮೊಣಕೈವರೆಗೂ ಇಳಿಬಿಟ್ಟು ಕಲಸುವಳು, ಕೈ ಬಿಸಿ ತಾಗಿದ್ರೇನೇ ಉಬ್ಬೋದು, ಆ ಕೈ, ಯೋಚನೆ ಅಲ್ಲಿಗೆ ಹೋಗುವುದು ಬೇಡ, ಟ್ಯಾಂಕಿನ ವಿಷಯ ನೋಡು, ಕುಂಸಿ ಕಡೆ ಹೋದಾಗ ಹಂಪ್ ಒಂದಕ್ಕೆ ತಳ ಬಡಿದು ಸೀಳು ಬಿಟ್ಟದ್ದು, ಗ್ಯಾರೇಜಿನ ಪುಟ್ಟಯ್ಯ ಬಗ್ಗಿ ನೋಡಿದವನೇ ಹೇಳಿದ್ದ, ದೇವಣ್ಣ ಇದು ತುಕ್ಕು ಹಿಡಿದು ಹಪ್ಪಳ ಆಗೋಗಿದೆ, ಬೆಸುಗೆ ನಿಲ್ಲಲ್ಲ, ಹೊಸದೇ ತರಿಸ್ಬೇಕು, ಗಾಡಿ ಬಿಟ್ಟು ಹೋಗು, ಬಿಟ್ಟು ಹೋದ್ರೆ ಹಿಟ್ಟು ಯಾರು ಹಾಕ್ತಾರೆ ಪುಟ್ಟಯ್ಯ, ಹಬ್ಬ ಮುಗೀಲಿ ಬಿಡು, ಅಲ್ಲೀವರೆಗೆ ಸೋಪು ಹಿಡಿಯುತ್ತೆ. ಹಿಡಿಯಿತು, ನಿಜಕ್ಕೂ ಹಿಡಿಯಿತು, ಒಂದು ತೊಟ್ಟೂ ಬೀಳಲಿಲ್ಲ, ತನ್ನ ಕೈಚಳಕಕ್ಕೆ ತಾನೇ ಭೇಷ್ ಅಂದುಕೊಂಡು, ಸೋಪು ಹಚ್ಚಿದ್ದನ್ನೇ ಮರೆತುಬಿಟ್ಟ, ಮರೆಯುವಷ್ಟು ಚೆನ್ನಾಗಿ ಹಿಡಿದಿತ್ತು.

ಆಯುಧ ಪೂಜೆಯ ಬೆಳಿಗ್ಗೆ ಅವಳು ಸೀರೆ ಎತ್ತಿ ಕಟ್ಟಿ ನಿಂತಿದ್ದಳು, ರೀ ಪೈಪು ಕೊಡಿ ಇಲ್ಲಿ, ನೀವು ತೊಳೆದ್ರೆ ಬೆಕ್ಕು ಮುಖ ತೊಳೆದ ಹಾಗೆ, ವರ್ಷಕ್ಕೊಂದು ದಿನ ಆದ್ರೂ ಅದಕ್ಕೆ ಸ್ನಾನ ಬೇಡ್ವಾ — ಪೈಪನ್ನು ಅವಳ ಕೈಗೆ ಕೊಟ್ಟವನು ಅವನೇ, ಬೇರೆ ಯಾರೂ ಅಲ್ಲ, ತಳಕ್ಕೂ ಹಿಡಿ ಕಣೆ, ಕೆಸರು ಕಟ್ಟಿದೆ, ಅಂದವನೂ ಅವನೇ, ಆ ಬಾಯಿಗೆ ಆಗ ಬುದ್ಧಿ ಎಲ್ಲಿ ಹೋಗಿತ್ತು, ಅವಳು ಕೂತು ಬಗ್ಗಿ ತಳಕ್ಕೆಲ್ಲ ನೀರು ಚಿಮ್ಮಿಸಿದಳು, ಆಮೇಲೆ ಚೆಂಡುಹೂವಿನ ಹಾರ, ಗಾಜಿಗೆ ವಿಭೂತಿ ಕುಂಕುಮ, ಚಕ್ರದಡಿ ನಿಂಬೆಹಣ್ಣು, ಇಳಿಜಾರಿನ ಅಂಗಳ, ತೊಳೆದ ನೀರು ಇನ್ನೂ ಗಾಡಿಯ ಮುಂದಕ್ಕೆ ಹರಿಯುತ್ತಲೇ ಇತ್ತು, ಎದುರುಮನೆ ಚಿನ್ನಮ್ಮನವರು ಗೇಟಿಗೆ ಒರಗಿ ನೋಡುತ್ತಿದ್ದರು, ಬೂದುಗುಂಬಳದ ಮೇಲೆ ಕರ್ಪೂರ ಹಚ್ಚಿದ, ಆಗಲೇ ಅವಳು ಮೂಗು ಅರಳಿಸಿದ್ದು, ರೀ, ಪೆಟ್ರೋಲ್ ವಾಸನೆ ಬರ್ತಿದೆ ಕಣ್ರೀ. ಅವನು ಏನಂದ, ಏನಂದ, ಚಿನ್ನಮ್ಮನವರಿಗೂ ಕೇಳಿಸುವ ಹಾಗೆ ಅಂದ, ಓಮ್ನೀಲಿ ಪೆಟ್ರೋಲ್ ವಾಸನೆ ಬರ್ದೆ ಮಲ್ಲಿಗೆ ವಾಸನೆ ಬರುತ್ತಾ ಮಾರಾಯ್ತಿ, ಸುಮ್ನೆ ಆರತಿ ತಟ್ಟೆ ಹಿಡ್ಕೊ — ಆ ಮಾತನ್ನು ನಾಲಿಗೆಗೆ ವಾಪಸು ಎಳೆದುಕೊಳ್ಳುವಂತಿದ್ದರೆ — ಗಾಡಿಗೆ ಕುಂಬಳಕಾಯಿ ನಿವಾಳಿಸಿದ, ಉರಿಯುವ ಕರ್ಪೂರದ ಸಮೇತ ನೆಲಕ್ಕೆ ಎತ್ತಿ ಕುಕ್ಕಿದ, ನೀರು ಹೊತ್ತಿಕೊಂಡಿತು, ನೀರು ಎಲ್ಲಾದರೂ ಹೊತ್ತಿಕೊಳ್ಳುತ್ತದೆಯೇ, ಅವನ ಕಣ್ಣಿಗೆ ಹಾಗೆಯೇ ಕಂಡಿತು, ನೀಲಿ ಉರಿ ಸರ್ರೆಂದು ನೀರಿನ ಮೇಲೆ ಓಡಿ ಅವಳ ಬರಿಗಾಲಿನ ಹತ್ತಿರ ಹೋಯಿತು, ಸೀರೆಯ ಅಂಚು, ಅವಳು ತಟ್ಟೆ ಬಿಸಾಡಿ ಕೈಯಲ್ಲೇ ಬಡಿದಳು, ಬಲಗೈಯಲ್ಲಿ, ಬಡಿದಳು ಬಡಿದಳು, ಪಕ್ಕದ ಸೈಟಿನ ಮರಳನ್ನು ಯಾರ್ಯಾರೋ ಬುಟ್ಟಿಗಟ್ಟಲೆ ತಂದು ಸುರಿದರು, ಉರಿ ಆರಿತು, ಗಾಡಿಗೆ ಏನೂ ಆಗಲಿಲ್ಲ, ನೋಡಿ, ಗಾಡಿಗೆ ಏನೂ ಆಗಲಿಲ್ಲ. ಯಾರ ಕಣ್ಣು ಬಿತ್ತೋ ಅಂದರು ಚಿನ್ನಮ್ಮನವರು, ಹೌದು ಅಂತ ಇವನೂ ತಲೆಯಾಡಿಸಿದ, ಆಟೋ ಬರುವವರೆಗೆ ಅವಳು ಮೆಟ್ಟಿಲ ಮೇಲೆ ಕೂತು ಕೈಯನ್ನು ಬಕೆಟ್ಟಿನ ನೀರಿನಲ್ಲಿ ಇಳಿಬಿಟ್ಟಿದ್ದಳು, ಚರಂಡಿಯ ಬಾಯಲ್ಲಿ ಒಂದು ನೀಲಿ ಸೋಪಿನ ಉಂಡೆ ಸಿಕ್ಕಿಕೊಂಡಿತ್ತು, ಅದರ ನಡುವೆ ಹೆಬ್ಬೆರಳಿನ ಗುಳಿ, ಗೆರೆಗೆರೆಯೂ ಕಾಣುವ ಹಾಗೆ, ಅವನು ಕಾಲಲ್ಲಿ ಒಳಕ್ಕೆ ತಳ್ಳಲು ಹೋದ, ಅವಳು ನೋಡುತ್ತಿದ್ದಳು, ಅವನನ್ನಲ್ಲ, ಅದನ್ನು.

ಬೈದಿದ್ದರೆ ಚೆನ್ನಾಗಿತ್ತು. ಬೈಯಲಿಲ್ಲ, ಆಸ್ಪತ್ರೆಯಿಂದ ಅವಳ ತಮ್ಮ ಯೋಗರಾಜ್ ಭದ್ರಾವತಿಗೆ ಕರೆದುಕೊಂಡು ಹೋದ, ಭಾವ, ಸ್ವಲ್ಪ ದಿನ ಅಕ್ಕ ನಮ್ಮನೇಲೇ ಇರ್ಲಿ ಬಿಡಿ, ಇವನು ಒಬ್ಬನೇ ಅಕ್ಕಿ ಉದ್ದು ನೆನೆಹಾಕಿ ರುಬ್ಬಿದ, ಕೈ ಹಾಕಿಯೇ ಕಲಸಿದ, ಉಬ್ಬಲಿಲ್ಲ, ಅಂಗಡಿಯವರು ಪ್ಯಾಕೆಟ್ ವಾಪಸು ಕೊಟ್ಟರು, ಫೋನ್ ಮಾಡಿದಾಗಲೆಲ್ಲ ಅವಳು ಒಂದೇ ಕೇಳುವುದು, ಟ್ಯಾಂಕ್ ಹಾಕ್ಸಿದ್ರಾ, ಹಾಕಿಸಲಿಲ್ಲ ಎಂದರೆ ಮಾತು ಅಲ್ಲಿಗೇ ಮುಗಿಯುವುದು, ಮೊನ್ನೆಯೂ ಕೇಳಿದಳು, ಟ್ಯಾಂಕ್ ಸೋಮವಾರ ಬಂದೇ ಬರುತ್ತೆ ಅಂತ ಪುಟ್ಟಯ್ಯ ಆಗಷ್ಟೇ ಹೇಳಿದ್ದ, ಸೋಮವಾರ ಎಂದರೆ ಬಂದ ಹಾಗೇ ಅಲ್ಲವೇ, ಹಾಕ್ಸ್ದೆ ಅಂದುಬಿಟ್ಟ. ಹೊಸದೇ? ಹೊಸದೇ ಕಣೆ. ಹಂಗಾದ್ರೆ ಭಾನುವಾರ ಬನ್ನಿ, ಅಂದಳು, ಗಾಡೀಲೇ ಬನ್ನಿ, ನಾನು ಅದ್ರಲ್ಲೇ ಬರ್ತೀನಿ, ಭಯ ಇಟ್ಕೊಂಡು ಎಷ್ಟು ದಿನ ಅಂತ ಕೂರೋದು. ಮಂಗಳವಾರ ಬರ್ತೀನಿ ಎನ್ನಬಹುದಿತ್ತಲ್ಲ, ಎನ್ನಲಿಲ್ಲ, ಅವಳು ಬನ್ನಿ ಅಂದ ದಿನವೇ ಹೋಗಬೇಕೆನಿಸಿತು, ಎಷ್ಟೋ ದಿನದ ಮೇಲೆ ಬನ್ನಿ ಅಂದಿದ್ದಳು.

ಬಸ್ಸೊಂದು ಪಕ್ಕದಲ್ಲೇ ನಿಧಾನ ಮಾಡಿತು, ಭದ್ರಾವತಿ ಭದ್ರಾವತಿ, ಬರ್ತೀರೇನ್ರೀ, ಕಂಡಕ್ಟರ್ ಬಗ್ಗಿ ಗಾಡಿಯಡಿಯಿಂದ ಚಾಚಿದ ಕಾಲುಗಳನ್ನು ಕೇಳಿದ, ಏಳಬೇಕಿತ್ತು, ಗಾಡಿ ಇಲ್ಲೇ ಬಿಟ್ಟು ಹತ್ತಬೇಕಿತ್ತು, ಟ್ಯಾಂಕ್ ಇನ್ನೂ ಬಂದಿಲ್ಲ ಕಣೆ, ಸುಳ್ಳು ಹೇಳ್ದೆ, ಇಷ್ಟು ಹೇಳಲು ಎಷ್ಟು ಉಸಿರು ಬೇಕು, ಅವನ ಹೆಬ್ಬೆರಳು ಸೀಳಿನ ಮೇಲಿತ್ತು, ಸೋಪು ಈಗಷ್ಟೇ ಕಚ್ಚಿಕೊಳ್ಳುತ್ತಿತ್ತು, ತೊಟ್ಟು ನಿಂತಿತು, ಬಸ್ಸೂ ಹೋಯಿತು. ಇನ್ನೇನು, ಊರು ಹತ್ತಿರವೇ, ನೀರಿರುವ ಗುಂಡಿ ತಪ್ಪಿಸಿಕೊಂಡು ಹೋದರಾಯಿತು, ಮಾಚೇನಹಳ್ಳಿ ದಾಟಿತು, ಫ್ಯಾಕ್ಟರಿ ಕಡೆಯ ಹಳೇ ಬೀದಿಗಳು, ಯೋಗರಾಜನ ಮನೆಯ ತಿರುವು, ಆಚೆಮನೆಯ ತಮಿಳು ಅಜ್ಜಿ ಜಗಲಿಯಿಂದಲೇ ಕೂಗಿದಳು, ವೀಣಾ, ಮಾಪ್ಳೆ ಬಂದ್ರು ನೋಡು, ನಿನ್ ಗಂಡ.

ಅವಳು ಬ್ಯಾಗು ಸಿದ್ಧ ಮಾಡಿಕೊಂಡೇ ಕಾಯುತ್ತಿದ್ದಳು, ಎಡಗೈಯಲ್ಲಿ ಬ್ಯಾಗು, ಬಲಗೈ ಸೆರಗಿನ ಮರೆಯಲ್ಲಿ, ಹೊಸ ಚರ್ಮದ ಗುಲಾಬಿ ಬಣ್ಣ ಒಂದಿಷ್ಟು ಕಂಡಿತು, ನಕ್ಕಳು, ನಿಜಕ್ಕೂ ನಕ್ಕಳು, ಏನ್ರೀ ಅಂಗಿ ಬೆನ್ನೆಲ್ಲ ಮಣ್ಣು, ಎರಡು ಹೆಜ್ಜೆ ಬಂದಳು, ನಿಂತಳು, ಮೂಗು ಅರಳಿತು. ಆವತ್ತಿನ ಹಾಗೇ ಅಂದಳೇನೋ ಎಂಬಂತೆ ಅವನಿಗೆ ಕೇಳಿಸಿತು, ರೀ, ಪೆಟ್ರೋಲ್ ವಾಸನೆ ಬರ್ತಿದೆ ಕಣ್ರೀ, ಅವಳು ಬ್ಯಾಗನ್ನು ನೆಲಕ್ಕಿಟ್ಟು ಮೊಣಕಾಲೂರಿ ಗಾಡಿಯಡಿ ಬಗ್ಗಿದಳು, ಬಹಳ ಹೊತ್ತು ಬಗ್ಗಿಯೇ ಇದ್ದಳು, ಇದಾ ಹೊಸದು, ಅಂದಳು. ಏನಾದರೂ ಹೇಳು ದೇವರಾಜ, ಸೋಮವಾರ ಅನ್ನು, ಪುಟ್ಟಯ್ಯ ಅನ್ನು, ತಪ್ಪಾಯ್ತು ಅನ್ನು, ಬಾಯಿ ತೆರೆದ, ಅಭ್ಯಾಸದ ಬಾಯಿ, ಅಲ್ಲಿಂದ ಬಂದದ್ದು ಒಂದೇ ಮಾತು, ಸದ್ಯಕ್ಕೆ — ಅವಳು ಎದ್ದಳು, ಬ್ಯಾಗನ್ನು ಎಡಗೈಯಲ್ಲಿ ಎತ್ತಿಕೊಂಡಳು, ಬಾಗಿಲ ಒಳಗೆ ಹೋದಳು, ಬಾಗಿಲನ್ನು ಜೋರಾಗಿ ಹಾಕಲಿಲ್ಲ, ಮೆಲ್ಲಗೆ ಹಾಕಿದಳು, ಅವನು ಅವಳು ಬಗ್ಗಿದ್ದ ಜಾಗದಲ್ಲೇ ಬಗ್ಗಿದ, ಅವಳು ನೋಡಿದ್ದನ್ನು ನೋಡಿದ, ಒಂದು ತೊಟ್ಟೂ ಬೀಳುತ್ತಿಲ್ಲ, ಚೆನ್ನಾಗಿ ಹಿಡಿದಿದೆ, ನೀಲಿ ಸೋಪು, ಅದರ ನಡುವೆ ಹೆಬ್ಬೆರಳಿನ ಗುಳಿ, ಗೆರೆಗೆರೆಯೂ ಕಾಣುವ ಹಾಗೆ, ನೀಲಿ ಸೋಪು, ಹೆಬ್ಬೆರಳಿನ ಗುಳಿ