ಹೆಚ್ಚಿಗೆ ತೋರಿದ ಮುನ್ನೂರು ಅಡಿ

ನಗರದ ವಿಮಾನ ನಿಲ್ದಾಣದ ಟವರಿನ ದನಿ ಮತ್ತೆ ಕಿವಿಗೆ ಬಿದ್ದಾಗ, ಕೋಳಿಮರಿ ಸಾಗಿಸುವ ಕೋಳಿ ಪೈಲಟ್‌ನ ಕಣ್ಣು ಎತ್ತರ ತೋರಿಸುವ ಮುಳ್ಳಿನತ್ತ ಹೋಯಿತು.

"ನಿಮ್ಮ ಎತ್ತರ ಹೇಳಿ."

"ಮೂರು ಸಾವಿರ ಅಡಿ ಸಾರ್. ಮುಳ್ಳು ಅಲ್ಲಾಡಿಲ್ಲ."

"ನನ್ನ ಪರದೆ ಮೇಲೆ ಮೂರು ಸಾವಿರದ ಮುನ್ನೂರು ಅಂತಿದೆ. ಎತ್ತರ ಹೇಳೋ ಪೆಟ್ಟಿಗೆ ಬಂದ್ ಮಾಡಿ. ಇದು ಆರನೇ ಸಲ ಕಣ್ರೀ."

ನಗರದ ಮೇಲಿನ ಆಕಾಶವೆಲ್ಲ ಟವರಿನ ಸುಪರ್ದಿಯಲ್ಲಿತ್ತು. ಅಲ್ಲಿ ಹಾರುವ ಸಣ್ಣ ವಿಮಾನದಲ್ಲೂ ಒಂದು ಪೆಟ್ಟಿಗೆ ಇರಲೇಬೇಕು. ವಿಮಾನ ಎಷ್ಟು ಎತ್ತರದಲ್ಲಿದೆ ಎಂದು ಅದು ತಾನಾಗಿಯೇ ಟವರಿಗೆ ಹೇಳುತ್ತಿರುತ್ತದೆ. ಆ ಅಂಕಿಯನ್ನು ನಂಬಿಯೇ ಟವರಿನವರು ದೊಡ್ಡ ವಿಮಾನಗಳನ್ನು ಅದರ ಮೇಲಿನಿಂದ ದಾಟಿಸುವುದು. ಈ ದಿನ ಆ ತಪ್ಪು ಅಂಕಿಯ ದೆಸೆಯಿಂದ ಇನ್ನೂರು ಜನರಿದ್ದ ವಿಮಾನವೊಂದು ಸುತ್ತು ಹಾಕಿ ಬರಬೇಕಾಯಿತು.

ಅವನು ಇಳಿಯುವಷ್ಟರಲ್ಲಿ ಟವರಿನವರ ಕಾಗದ ತಯಾರಾಗಿತ್ತು. ಶನಿವಾರದೊಳಗೆ ದೋಷದ ಕಾರಣ ಬರೆದುಕೊಡಬೇಕು, ಒಮ್ಮೆ ಹಾರಿ ತೋರಿಸಬೇಕು. ಇಲ್ಲದಿದ್ದರೆ ಈ ವಿಮಾನಕ್ಕೆ ನಗರದ ಆಕಾಶ ಬಂದ್. ಅವನ ನಿಲ್ದಾಣವೇ ಆ ಆಕಾಶದ ಕೆಳಗಿತ್ತು. ಹನ್ನೊಂದು ವರ್ಷದಿಂದ ವಾರಕ್ಕೆರಡು ದಿನ ಆಗಷ್ಟೇ ಮೊಟ್ಟೆಯೊಡೆದ ಕೋಳಿಮರಿಗಳನ್ನೂ ಉಳಿದ ದಿನ ಪಾರ್ಸೆಲ್ಲುಗಳನ್ನೂ ಹೊತ್ತು ಹಾರುತ್ತಿದ್ದವನಿಗೆ ಬೇರೆ ಕೆಲಸ ಗೊತ್ತಿರಲಿಲ್ಲ.

ಕಾಗದ ಹಿಡಿದು ಸೀದಾ ಅತ್ತಿಗೆಯ ಹತ್ತಿರ ಹೋದ. ಅಣ್ಣನ ಹೆಂಡತಿಯೇ ಆ ನಿಲ್ದಾಣದ ಉಪಕರಣಗಳ ಮೆಕ್ಯಾನಿಕ್. ಹಲ್ಲಿನ ಡಾಕ್ಟರ ಬಳಿ ಇರುವಂಥ ಪುಟ್ಟ ಕನ್ನಡಿಯನ್ನು ಜೇಬಿನಲ್ಲಿಟ್ಟುಕೊಂಡು, ಕಣ್ಣು ಹೋಗದ ಸಂದಿಗಳನ್ನೆಲ್ಲ ಇಣುಕುತ್ತಿದ್ದಳು. ಎಲ್ಲರಿಗೂ ಅವಳು ಕನ್ನಡಿ ಅಕ್ಕ. ಈಗಾಗಲೇ ಮೂರು ಸಲ ಪೆಟ್ಟಿಗೆ ಬಿಚ್ಚಿ ಮೇಜಿನ ಮೇಲಿಟ್ಟು ಪರೀಕ್ಷಿಸಿದ್ದಳು. ಮೂರು ಸಲವೂ ಅದು ಸರಿಯಾದ ಎತ್ತರವನ್ನೇ ಹೇಳಿತ್ತು.

"ಅತ್ತಿಗೆ, ಪೆಟ್ಟಿಗೇನೇ ಬದಲಾಯಿಸಿಬಿಡಿ."

"ಹೊಸದೂ ಹೀಗೇ ಅಂದ್ರೆ? ಆಮೇಲೆ ನಿನ್ನನ್ನೇ ಬದಲಾಯಿಸಬೇಕಾಗುತ್ತೆ. ಸುಮ್ನೆ ಕೂತ್ಕೋ."

ಅವಳು ಟವರಿಗೆ ಫೋನ್ ಮಾಡಿ ಆರು ಸಲದ ದಿನ, ಹೊತ್ತು ಬರೆದುಕೊಂಡಳು. ಅವನ ಹಾರಾಟದ ಪುಸ್ತಕ ಪಕ್ಕದಲ್ಲಿಟ್ಟು ಸಾಲು ಸಾಲಾಗಿ ಬೆರಳಾಡಿಸಿದಳು.

"ಆರಕ್ಕೆ ಆರೂ ಕೋಳಿಮರಿ ದಿನ."

"ಅವೇನು ರೆಕ್ಕೆ ಬಡಿದು ವಿಮಾನ ಎತ್ತುತ್ತವಾ?"

"ಎತ್ತಿದ್ರೆ ಪೆಟ್ರೋಲಾದ್ರೂ ಉಳೀತಿತ್ತು. ಬಾ, ಹತ್ತು."

ನಿಂತ ವಿಮಾನದಲ್ಲಿ ಅವನನ್ನು ಕೂರಿಸಿ ತಾನು ಪಕ್ಕದಲ್ಲಿ ಕೂತಳು. "ಹಿಂದೆ ಮರಿಗಳಿವೆ ಅಂದ್ಕೋ. ಹೊರಟಾಗಿಂದ ಏನೇನ್ ಮಾಡ್ತೀಯೋ ಅದನ್ನೆಲ್ಲ ಮಾಡಿ ತೋರಿಸು."

ಮಕ್ಕಳಾಟದಂತೆ ಅನಿಸಿ ಅವನಿಗೆ ನಾಚಿಕೆಯಾಯಿತು. ಒಮ್ಮೆ ಮಾಡಿ ತೋರಿಸಿದ. ಏನೂ ಸಿಗಲಿಲ್ಲ. ಇನ್ನೊಮ್ಮೆ ಅಂದಳು. ಮತ್ತೊಮ್ಮೆ ಅಂದಳು. ಅವಳ ದನಿಯಲ್ಲಿ ಬೇಸರದ ಸುಳಿವೇ ಇರಲಿಲ್ಲ. ಮೂರನೇ ಸಲ, ಮೂರು ಸಾವಿರ ಅಡಿ ಮುಟ್ಟಿದೆ ಎಂದು ಹೇಳುತ್ತಿದ್ದಾಗ, ಅವನ ಎಡಗೈ ತನ್ನ ಪಾಡಿಗೆ ತಾನು ಪಕ್ಕದ ಪುಟ್ಟ ಕಿಟಕಿಯ ಚಿಲಕಕ್ಕೆ ಹೋಯಿತು.

"ಆ ಕೈ ಎಲ್ಲಿಗೆ ಹೋಯ್ತು?"

"ಇದಾ? ನಾತ ಅತ್ತಿಗೆ. ಸಾವಿರ ಮರಿ ಹಿಂದೆ ಕೂತು ಹೇತ್ರೆ ಹೇಗಿರುತ್ತೆ ಅಂತ ನಿಮಗೇನು ಗೊತ್ತು. ಮೇಲೆ ಹೋದ ತಕ್ಷಣ ಒಂಚೂರು ತೆಗೀತೀನಿ."

"ಇದನ್ನ ಯಾಕೋ ಹೇಳ್ಲಿಲ್ಲ?"

"ಕಿಟಕಿ ತೆಗೆಯೋದೂ ಒಂದು ಸುದ್ದಿನಾ?"

ಅವಳು ಟಾರ್ಚು, ಕನ್ನಡಿ ಹಿಡಿದು ಅಂಗಾತ ಮಲಗಿ ಗಡಿಯಾರದಂಥ ಉಪಕರಣಗಳ ಹಿಂದಕ್ಕೆ ತಲೆ ತೂರಿಸಿದಳು. ಬಹಳ ಹೊತ್ತು ಅವಳ ಕಾಲುಗಳಷ್ಟೇ ಹೊರಗೆ ಕಾಣುತ್ತಿದ್ದವು. ಎದ್ದು ಬಂದಾಗ ಮುಖ ಸಣ್ಣಗಾಗಿತ್ತು. ಅಂಗೈಯಲ್ಲಿ ಒಂದು ಕೆಂಪು ರಬ್ಬರ್ ಮುಚ್ಚಳವಿತ್ತು.

"ಪೆಟ್ಟಿಗೆ ಕೊಳವೆಯಲ್ಲಿ ಹೊರಗಿನ ಗಾಳಿ ತಗೋಬೇಕು. ಗಾಳಿಯ ಒತ್ತಡ ಕಮ್ಮಿಯಾದಷ್ಟೂ ಎತ್ತರ ಜಾಸ್ತಿ ಅಂತ ಅದರ ಲೆಕ್ಕ. ಆ ಕೊಳವೆ ತುದಿ ಒಳಗೇ ನೇತಾಡ್ತಿದೆ. ನೀನು ಕಿಟಕಿ ತೆಗೆದಾಗ ಹೊರಗಿನ ರಭಸ ಒಳಗಿನ ಗಾಳಿ ಎಳ್ಕೊಳ್ಳುತ್ತೆ, ಒಳಗೆ ಒತ್ತಡ ಇಳಿಯುತ್ತೆ. ಪೆಟ್ಟಿಗೆ ತಾನು ಮೇಲೆ ಹೋದೆ ಅಂದ್ಕೊಳ್ಳುತ್ತೆ."

"ಸಿಕ್ಕಿತಲ್ಲ, ಬಿಡಿ. ಜೋಡಿಸಿದ್ರಾಯ್ತು."

"ಈ ಮುಚ್ಚಳ ನಂದು ಕಣೋ. ಮೂರು ವಾರದ ಹಿಂದೆ ಪೆಟ್ಟಿಗೆ ಬಿಚ್ಚಿದಾಗ ನಿನ್ನ ಮುಳ್ಳು ಕೆಡದಿರಲಿ ಅಂತ, ಹೊರಗಿನ ಗಾಳಿನ ಮುಳ್ಳಿಗೂ ಪೆಟ್ಟಿಗೆಗೂ ಹಂಚೋ ಕವಲಿಗೆ ಹಾಕಿದ್ದೆ. ತೆಗೆದು ಕೊಳವೆ ಸೇರಿಸೋಕೆ ಮರೆತೆ. ಆಮೇಲೆ ಮೂರು ಸಲವೂ ಪೆಟ್ಟಿಗೆ ಕಡೆ ತುದಿ ಮಾತ್ರ ಬಿಚ್ಚಿದೆ, ಈ ತುದಿ ನೋಡಲೇ ಇಲ್ಲ."

ಪೈಲಟ್ ಸುತ್ತ ನೋಡಿ ದನಿ ತಗ್ಗಿಸಿದ. "ಕೊಳವೆ ಹಳೇದಾಗಿ ತಾನೇ ಕಳಚಿತ್ತು ಅಂತ ಬರೀರಿ. ಯಾರಿಗೆ ಗೊತ್ತಾಗುತ್ತೆ?"

"ಹಾಗೆ ಬರೆದ್ರೆ ಓದಿದವರೆಲ್ಲ ಹಳೇ ಕೊಳವೆ ಹುಡುಕ್ತಾರೆ. ಮುಚ್ಚಳ ಯಾರು ನೋಡ್ತಾರೆ?"

"ನಿಮ್ಮ ಸಹಿ ಹಾಕೋ ಅಧಿಕಾರಾನೇ ಕಿತ್ಕೋತಾರೆ ಅತ್ತಿಗೆ."

"ಕಿತ್ಕೊಳ್ಳಲಿ. ಪೆನ್ ಕೊಡು."

ಅವಳು ದುಂಡಗೆ, ಅವಸರವಿಲ್ಲದೆ ಬರೆದಳು. ಮುಚ್ಚಳ ತೆಗೆಯದೆ ಬಿಟ್ಟವಳು ನಾನು. ಮೇಜಿನ ಮೇಲಷ್ಟೇ ಪರೀಕ್ಷಿಸಿ, ವಿಮಾನದಲ್ಲಿ ಕೂರಿಸಿದ ಮೇಲೆ ಪರೀಕ್ಷಿಸದೆ ಸಹಿ ಹಾಕಿದವಳೂ ನಾನು. ಎರಡನೆಯ ಮಾತನ್ನು ಯಾರೂ ಕೇಳಿರಲಿಲ್ಲ. ಹನ್ನೊಂದು ವರ್ಷ ಈ ಕೈ ಬಿಗಿದ ತಿರುಪುಗಳನ್ನು ನಂಬಿ ಹಾರಿದ್ದವನಿಗೆ, ಅವಳ ತಪ್ಪನ್ನು ಅವಳದೇ ಅಕ್ಷರದಲ್ಲಿ ಓದುವಾಗ, ಆ ನಂಬಿಕೆ ಮೊದಲಿಗಿಂತ ಗಟ್ಟಿಯಾಯಿತು. ಪೆನ್ನಿನ ಮುಚ್ಚಳ ಹಾಕಿಕೊಟ್ಟ, ಅಷ್ಟೇ.

ಮಾರನೇ ದಿನವೇ ಆರು ವಾರ ಅವಳ ಸಹಿ ನಡೆಯದು ಎಂಬ ಆದೇಶ ಬಂತು. ಕೊಳವೆ ಸೇರಿಸಿದ್ದನ್ನು ಪಕ್ಕದ ಹ್ಯಾಂಗರಿನ ಮೆಕ್ಯಾನಿಕ್ ನೋಡಿ ಸಹಿ ಮಾಡಿದ. ಶನಿವಾರ ಬೆಳಿಗ್ಗೆ ಅತ್ತಿಗೆ, ಮೈದುನ ಇಬ್ಬರೂ ಮೇಲೇರಿದರು.

"ಮೂರು ಸಾವಿರದಲ್ಲಿದ್ದೀನಿ ಸಾರ್."

"ಕಿಟಕಿ ತೆಗೀರಿ."

ತೆಗೆದ. ಗಾಳಿ ಭರ್ರೆಂದು ಸದ್ದು ಮಾಡಿತು. ಅವನು ಮುಳ್ಳನ್ನೇ ನೋಡಿದ. ಅತ್ತಿಗೆ ಮಡಿಲಲ್ಲಿ ಕೈ ಕಟ್ಟಿ, ಮುಂದೆ ನೋಡುತ್ತಾ ಕೂತಿದ್ದಳು.

"ಮೂರು ಸಾವಿರ," ಎಂದಿತು ಟವರಿನ ದನಿ. "ಮುಚ್ಚಿ. ಮೂರು ಸಾವಿರ. ಸರಿ, ಸೋಮವಾರದಿಂದ ಮರಿ ತನ್ನಿ. ಆ ಕಾಗದ ಬರೆದವರು ಜೊತೆಗಿದ್ದಾರಾ?"

"ಇದ್ದೀನಿ ಸಾರ್," ಎಂದಳು ಅತ್ತಿಗೆ.

"ಅದನ್ನ ಓದಿ ಇಲ್ಲಿನ ಎಲ್ಲ ಸಣ್ಣ ವಿಮಾನಗಳನ್ನೂ ನೋಡಿಸಿದ್ವಿ ಅಮ್ಮ. ಇನ್ನೊಂದರಲ್ಲೂ ಮುಚ್ಚಳ ಹಾಗೇ ಇತ್ತು."

ಪೈಲಟ್ ಅವಳ ಕಡೆಗೇ ತಿರುಗಿ ನೋಡುತ್ತಿದ್ದ.

"ನನ್ನ ಮುಖದಲ್ಲಿ ಏನಿದೆ? ಮುಂದೆ ನೋಡಿ ಓಡಿಸೋ," ಎಂದಳು.