ಮಾಲೀಕನ ಜೊತೆ ಬಂದ ನಾಯಿ

ಸುಂಕದವನ ಮುಂದೆ ಸುಖದುಃಖ ಹೇಳಿಕೊಂಡರೆ ಏನು ಬಂತು ಎಂಬ ಮಾತನ್ನು ನಂಬಿಯೇ ಅವಳು ಮೂವತ್ತು ವರ್ಷ ಅನ್ನ ಉಂಡಿದ್ದಳು. ವಿಮಾನ ನಿಲ್ದಾಣದ ಸರಕು ಗೇಟಿನ ಎದುರಿಗೆ, ಟೈರ್ ಅಂಗಡಿಯ ಮೇಲಿನ ಒಂಟಿ ಕೋಣೆಯಲ್ಲಿ ಅವಳ ಆಫೀಸು. ಹೊರದೇಶದಿಂದ ಮನೆ ಕಿತ್ತುಕೊಂಡು ಬರುವವರ ಮಂಚ, ಕಪಾಟು, ಕಾರು, ಬೆಕ್ಕು, ನಾಯಿಗಳನ್ನೆಲ್ಲ ಸುಂಕದ ಕಟ್ಟೆ ದಾಟಿಸಿ ಕೊಡುವುದು ಅವಳ ಕಸುಬು. ಲೋಡರುಗಳಿಂದ ಹಿಡಿದು ದೊಡ್ಡ ಸಾಹೇಬರ ತನಕ ಎಲ್ಲರ ಬಾಯಲ್ಲೂ ಅವಳು ಸುಂಕದಕ್ಕ. ಬಂದವರು ಕುರ್ಚಿಯ ತುದಿಯಲ್ಲಿ ಕೂತು ತಮ್ಮ ಗೋಳು ಬಿಚ್ಚಿದರೆ ಸುಂಕದಕ್ಕ ಕೈ ಅಡ್ಡ ಹಿಡಿಯುತ್ತಿದ್ದಳು.

"ಗೋಳು ಮನೇಲಿ ಹೇಳ್ಕೊಳ್ಳಿ. ಇಲ್ಲಿ ತಾರೀಖು ಹೇಳಿ. ಯಾವತ್ತು ಹೋದ್ರಿ, ಯಾವತ್ತು ಬಂದ್ರಿ?"

ಎಲ್ಲ ತಾರೀಖಿನ ಮೇಲೆಯೇ ನಿಂತಿತ್ತು. ಹೊರಗೆ ಎರಡು ವರ್ಷ ತುಂಬಿಸಿ ನೆಲೆಸಲು ಮರಳುವವರ ಬಳಸಿದ ಸಾಮಾನಿಗೆ ಸುಂಕವಿಲ್ಲ. ಒಂದು ದಿನ ಕಮ್ಮಿ ಬಿದ್ದರೂ ಉಂಟು. ಸಾಕಿದ ಪ್ರಾಣಿಯಾದರೆ ಇನ್ನೂ ಬಿಗಿ. ಅದು ಮಾಲೀಕನ ಜೊತೆಯಲ್ಲೇ ಬರಬೇಕು, ಆ ಮಾಲೀಕ ಎರಡು ವರ್ಷ ತುಂಬಿಸಿರಬೇಕು. ಇಲ್ಲವಾದರೆ ತಂದ ವಿಮಾನವೇ ಅದನ್ನು ವಾಪಸು ಹೊತ್ತೊಯ್ಯಬೇಕು. "ದೇವರು ಕೊಟ್ಟರೂ ಪೂಜಾರಿ ಕೊಡ ಅಂತಾರಲ್ಲ, ಆ ಪೂಜಾರಿ ಹತ್ರ ಈಸ್ಕೊಳ್ಳೋದೇ ನನ್ನ ವಿದ್ಯೆ" ಎಂದು ಅವಳು ನಗುವಳು. ಹೊಚ್ಚ ಹೊಸ ಫ್ರಿಜ್ಜು ತರುವ ಗಿರಾಕಿಗಳಿಗೆ, "ಒಳಗೆ ಒಂದು ಈರುಳ್ಳಿ ಹೆಚ್ಚಿಟ್ಟು ಬಾಗಿಲು ಹಾಕಿ, ಎರಡೇ ದಿನಕ್ಕೆ ಹಳೇದಾಗುತ್ತೆ" ಎಂದು ಕಿವಿಮಾತು ಹೇಳುವಳು. ಕಾಯಿದೆಯನ್ನು ಮುರಿಯದೆ ಬಗ್ಗಿಸುವುದು ಹೇಗೆಂದು ಅವಳಷ್ಟು ಬಲ್ಲವರು ಆ ಬೀದಿಯಲ್ಲಿ ಇನ್ನೊಬ್ಬರಿರಲಿಲ್ಲ. ಅದರ ಜಂಭವೂ ಸ್ವಲ್ಪ ಇತ್ತು ಅನ್ನಿ.

ಆ ದಿನ ಬೆಳಿಗ್ಗೆ ಅವಳ ಒಡಹುಟ್ಟಿದ ತಮ್ಮನೇ ಬಂದಿಳಿದ. ಶವಪೆಟ್ಟಿಗೆಯಲ್ಲಿ. ಅದೇ ವಿಮಾನದ ಹೊಟ್ಟೆಯಲ್ಲಿ, ಅವನಿಂದ ನಾಲ್ಕು ಮಾರು ದೂರದ ಪಂಜರದಲ್ಲಿ, ಅವನ ನಾಯಿಯೂ ಬಂದಿತ್ತು.

ತಮ್ಮ ಲಿಫ್ಟ್ ಮೆಕ್ಯಾನಿಕ್. ಮನೆಯಲ್ಲಿ ಅವನು ಇವತ್ತಿಗೂ ಪುಟ್ಟ. ಹೆಂಡತಿ ತೀರಿಕೊಂಡ ಮೇಲೆ ಇಲ್ಲಿಯ ಗಾಳಿಯೇ ಬೇಡ ಎಂದು, ನಲವತ್ತು ದಾಟಿದವನು ಹೊರದೇಶದ ಕೆಲಸ ಹಿಡಿದು ಹೋದ. ವರ್ಷ ಕಳೆಯುವಷ್ಟರಲ್ಲಿ ಅಲ್ಲಿಯ ಗಾಳಿಯೂ ಬೇಡವಾಯಿತು. ಆಗಲೇ ಪಕ್ಕದ ಮನೆಯ ಮುದುಕ ಸತ್ತು, ಅವನ ವಯಸ್ಸಾದ ಕಂದು ನಾಯಿ ಮೆಟ್ಟಿಲ ಮೇಲೆ ಕೂತುಬಿಟ್ಟಿತು. ಪುಟ್ಟ ಅದನ್ನು ಒಳಗೆ ಕರೆದುಕೊಂಡು ಮರಿ ಎಂದು ಹೆಸರಿಟ್ಟ.

"ಗಡ್ಡ ಬೆಳ್ಳಗಾಗಿರೋ ನಾಯಿಗೆ ಮರಿ ಅಂತೀಯಲ್ಲೋ" ಎಂದು ಅಕ್ಕ ನಕ್ಕಿದ್ದಳು.

"ನನ್ನನ್ನ ಇನ್ನೂ ಪುಟ್ಟ ಅನ್ನಲ್ವಾ ನೀನು? ಹಾಗೇ ಇದೂ."

ಅವನು ದಿನಾ ಸಂಜೆ ಫೋನ್ ಮಾಡುವನು. ಫೋನನ್ನು ಸ್ಪೀಕರಿಗೆ ಹಾಕಿ ಮೇಜಿನ ಮೇಲಿಟ್ಟು, ತರಕಾರಿ ಹೆಚ್ಚುತ್ತಾ ಮಾತಾಡುವನು. ಮರಿ ಮೇಜಿನ ಕೆಳಗೆ ಮಲಗಿ ಕೇಳಿಸಿಕೊಳ್ಳುವುದು. ಇತ್ತ ಸುಂಕದಕ್ಕನ ಮೊಣಕೈ ಕೆಳಗೆ ಯಾರದೋ ಸೋಫಾದ, ಯಾರದೋ ಕಾರಿನ ಕಾಗದಗಳು. ಅವನು ಹತ್ತು ಮಾತಾಡಿದರೆ ಅವಳದು "ಹ್ಞೂಂ". ಕೊನೆಗೆ, "ಇನ್ನೇನು? ಸರಿ, ಇಡ್ಲಾ?" ಎಂದು ಫೋನ್ ಇಟ್ಟುಬಿಡುವಳು. ಫೋನ್ ಇಟ್ಟ ಮೇಲೆ ಮರಿಯನ್ನು ತಿರುಗಾಡಲು ಕರೆದೊಯ್ಯುವುದು ಅವನ ರೂಢಿ.

"ನೀನು 'ಇಡ್ಲಾ' ಅಂದ ತಕ್ಷಣ ಎದ್ದು ಬಾಗಿಲ ಹತ್ರ ಹೋಗಿ ನಿಲ್ಲುತ್ತೆ ಅಕ್ಕ" ಎಂದು ಅವನು ಒಮ್ಮೆ ಹೇಳಿದ್ದ. "ನಿನ್ನ ಮಾತು ಬೇಗ ಮುಗೀಲಿ ಅಂತ ಕಾಯೋದು ಈ ಮನೇಲಿ ಅದೊಂದೇ."

ಈ ಬೇಸಿಗೆಯ ಶುರುವಿನಲ್ಲಿ ಒಂದು ಸಂಜೆ ಅವನು ತರಕಾರಿ ಹೆಚ್ಚುತ್ತಿರಲಿಲ್ಲ. ಚಾಕುವಿನ ಸದ್ದಿಲ್ಲದ್ದು ಅವಳಿಗೂ ಗೊತ್ತಾಯಿತು, ಆದರೆ ಕೇಳಲಿಲ್ಲ.

"ಅಕ್ಕಾ, ಬಂದ್ಬಿಡ್ಲಾ?" ಎಂದ. "ಒಂಥರಾ ಆಗುತ್ತೆ. ಮಲಗಿದ್ರೆ ಎದೆ ಮೇಲೆ ಯಾರೋ ಕೂತ ಹಾಗೆ."

"ಬಂದ್ಬಿಡು. ಆದ್ರೆ ನಿನ್ನ ನಾಯಿ ಬರಲ್ಲ. ಎರಡು ವರ್ಷಕ್ಕೆ ಇನ್ನು ನಾಲ್ಕು ತಿಂಗಳು ಬಾಕಿ ಇದೆ."

"ಮರೀನ ಬಿಟ್ಟು ಹೇಗೆ ಬರ್ಲಿ?"

"ಅದಕ್ಕೇ ತಡ್ಕೋ ಅಂತಿರೋದು. ಇಷ್ಟು ದಿನ ತಡ್ಕೊಂಡಿದೀಯ, ಇನ್ನಿಷ್ಟು ದೊಡ್ಡದಾ? ಆಮೇಲೆ ನೀನು, ನಿನ್ನ ಕಾರು, ನಿನ್ನ ಮುದಿ ಮರಿ, ಎಲ್ಲಾ ಮೆರವಣಿಗೆ ಮಾಡ್ಕೊಂಡು ಬನ್ನಿ, ಯಾರು ತಡೀತಾರೋ ನೋಡ್ತೀನಿ. ಡಾಕ್ಟರಿಗೆ ತೋರಿಸ್ಕೋ. ಸರಿ, ಇಡ್ಲಾ?"

ಪುಟ್ಟ ಅಕ್ಕನ ಮಾತು ಮೀರುವವನಲ್ಲ. ತಡೆದುಕೊಂಡ. ಎರಡು ವರ್ಷ ತುಂಬಿಸಿದ, ಮನೆ ಸಾಮಾನನ್ನೂ ಕಾರನ್ನೂ ಹಡಗಿಗೆ ಹಾಕಿದ, ತನಗೂ ಮರಿಗೂ ಒಂದೇ ವಿಮಾನದಲ್ಲಿ ಟಿಕೆಟ್ ಮಾಡಿಸಿದ. ಹೊರಡುವ ವಾರದಲ್ಲಿ, ಬರಿದಾದ ಮನೆಯ ನೆಲದ ಮೇಲೆ ಚಾಪೆ ಹಾಸಿ ಮಲಗಿದವನು ಏಳಲಿಲ್ಲ. ಮರಿ ಬೊಗಳಿದ್ದು ಕೇಳಿ ಅಕ್ಕಪಕ್ಕದವರು ಬಾಗಿಲು ಒಡೆದರಂತೆ.

ಜೊತೆಯ ಮೆಕ್ಯಾನಿಕ್ ಅಲ್ಲಿಂದ ಫೋನ್ ಮಾಡಿ, "ನಾಯೀನ ಏನು ಮಾಡ್ಲಿ?" ಎಂದು ಕೇಳಿದಾಗ ಸುಂಕದಕ್ಕ ಅಳುತ್ತಲೇ ಹೇಳಿದಳು: "ಅವನ ಜೊತೆಗೇ ಕಳಿಸಿ. ಇಲ್ಲಿ ನಾನಿದೀನಿ." ಸತ್ತ ತಮ್ಮನಿಗೆ ಮಾಡಬಹುದಾದ ಕೆಲಸ ಅವಳಿಗೆ ಅದೊಂದೇ ಕಂಡಿತ್ತು. ಅವನು ಯಾರಿಗಾಗಿ ತಡೆದುಕೊಂಡನೋ ಆ ಜೀವವನ್ನು ಮನೆಗೆ ತಂದು ಸಾಕುವುದು.

ಪೆಟ್ಟಿಗೆಯನ್ನು ಬಿಡಿಸುವುದು ತಡವಾಗಲಿಲ್ಲ. ಪಾಸ್‌ಪೋರ್ಟಿನ ಮೂಲೆ ಕತ್ತರಿಸಿ ರದ್ದು ಮಾಡಿ ಕೊಟ್ಟರು, ಅವಳ ಗಂಡ ವ್ಯಾನಿನಲ್ಲಿ ಪುಟ್ಟನನ್ನು ಮನೆಗೆ ಕರೆದೊಯ್ದ. "ನೀವು ನಡೀರಿ, ಮರೀನ ಬಿಡಿಸ್ಕೊಂಡು ಹಿಂದೇನೇ ಬಂದೆ" ಎಂದಳು ಅವಳು.

ಪ್ರಾಣಿಗಳ ಶೆಡ್ಡು ತಗಡಿನ ಮಾಡಿನದು. ಫಿನಾಯಿಲಿನ ವಾಸನೆ, ಮೂಲೆಯಲ್ಲಿ ನಿಧಾನಕ್ಕೆ ತಿರುಗುವ ಫ್ಯಾನು, ಬಾಗಿಲಾಚೆ ನೆಲದ ಮೇಲೆ ಹಳದಿ ಗೆರೆ. ಪಂಜರದೊಳಗೆ ಮರಿ ಮುದುರಿಕೊಂಡು ಬಿದ್ದಿತ್ತು. ಹಾಸಿದ್ದು ಪುಟ್ಟನ ಕೆಲಸದ ಅಂಗಿ, ಜೇಬಿನ ಮೇಲೆ ಗ್ರೀಸಿನ ಕಲೆ. ನೀರಿನ ಬಟ್ಟಲು ತುಂಬಿದ ಹಾಗೆಯೇ ಇತ್ತು. ಅವಳು ಬಗ್ಗಿ ನೋಡಿದರೆ ಅದು ಕಣ್ಣು ತೆರೆದು, ಪರಿಚಯವಿಲ್ಲದವರನ್ನು ನೋಡುವ ಹಾಗೆ ನೋಡಿ, ಮತ್ತೆ ಮುಚ್ಚಿತು. ಅವಳಿಗೂ ನಾಯಿಗಳ ಜೊತೆ ಏನು ಮಾತಾಡಬೇಕೆಂದು ಗೊತ್ತಿರಲಿಲ್ಲ. ಸಾವಿರ ನಾಯಿ ಬಿಡಿಸಿದ್ದಳು, ಒಂದರ ತಲೆಯನ್ನೂ ಸವರಿರಲಿಲ್ಲ.

ಸುಂಕದ ಕಚೇರಿಯ ಕನ್ನಡಕದ ಸಾಹೇಬ ಕಾಗದಗಳನ್ನು ಎರಡು ಸಲ ಓದಿದ. ಅವಳಿಗಿಂತ ಚಿಕ್ಕವನು, ಒಳ್ಳೆಯವನು. ಕೆಲಸಕ್ಕೆ ಸೇರಿದ ಹೊಸತರಲ್ಲಿ ಎಷ್ಟೋ ಸಂಗತಿ ಅವಳನ್ನೇ ಕೇಳಿ ಕಲಿತವನು.

"ಮೇಡಂ, ಮಾಲೀಕರು?"

"ಬಂದಿದಾನಲ್ಲ ಸಾರ್. ಅದೇ ವಿಮಾನದಲ್ಲಿ. ಎರಡು ವರ್ಷ ಹದಿಮೂರು ದಿನ ಆಗಿದೆ, ಲೆಕ್ಕ ನೋಡಿ."

"ಪ್ರಯಾಣಿಕರಾಗಿ ಬಂದಿಲ್ಲ ಮೇಡಂ. ಸರಕಾಗಿ ಬಂದಿದಾರೆ. ಪಾಸ್‌ಪೋರ್ಟ್ ಬೆಳಿಗ್ಗೆ ರದ್ದಾಯ್ತು."

"ನಾನು ವಾರಸುದಾರಳು. ಸತ್ತವರ ಸಾಮಾನು ವಾರಸುದಾರರಿಗೆ ಸುಂಕ ಇಲ್ಲದೆ ಬರುತ್ತೆ. ಅದೂ ಕಾಯಿದೆನೇ."

"ಬರುತ್ತೆ. ಮಂಚ ಬರುತ್ತೆ, ಕುರ್ಚಿ ಬರುತ್ತೆ" ಎಂದು ಸಾಹೇಬ ತಲೆ ತಗ್ಗಿಸಿದ. "ಉಸಿರಾಡೋದು ಬರಲ್ಲ. ನಿಮಗೆ ಗೊತ್ತಿಲ್ಲದ್ದಾ?"

ಗೊತ್ತಿತ್ತು. ಆದರೂ ಅವಳು ಮೇಲಿನ ಕಚೇರಿಗೆ ಫೋನ್ ಮಾಡಿದಳು. ಅರ್ಜಿ ಹಾಕಿ, ವಾರದಲ್ಲಿ ನೋಡೋಣ ಎಂದರು. ವಾರದ ತನಕ ಇಡಲು ಜಾಗವಿಲ್ಲ, ಅನುಮತಿಯೂ ಇಲ್ಲ. ಬಂದ ವಿಮಾನ ಸಂಜೆ ಹೊರಡುತ್ತದೆ, ನಾಯಿಯೂ ಅದರಲ್ಲೇ ಹೊರಡಬೇಕು. ಪಂಜರ ಎತ್ತುವ ಹಳೆಯ ಲೋಡರ್ ಕಿವಿಯ ಹತ್ತಿರ ಬಂದು, "ಅಕ್ಕಾ, ಈಗ ತಾನೇ ಒಂದು ಸಂಸಾರ ಇಳಿದಿದೆ, ಎರಡು ವರ್ಷದ ಮೇಲಾಗಿದೆ ಅವರಿಗೆ. ನಾಯಿ ಅವರದೇ ಅನ್ನಿಸಿದ್ರೆ?" ಎಂದ. ಆಗಲ್ಲ ಎಂದು ಅವಳೇ ತಲೆಯಾಡಿಸಿದಳು. ಮರಿಯ ಕತ್ತಿನ ಚರ್ಮದ ಕೆಳಗೆ ಕೂರಿಸಿದ ಗುರುತಿನ ಮೈಕ್ರೋಚಿಪ್‌ನಲ್ಲಿ ಪುಟ್ಟನ ಹೆಸರಿತ್ತು. ಅವನು ಹಾಕಿಸಿದ್ದು ಅಕ್ಕ ಹೇಳಿದ್ದಕ್ಕೇ.

ಅಲ್ಲಿ ಇಳಿದ ಮೇಲೆ ಅದರ ಗತಿ ಏನೆಂದು ಕೇಳಲು ಆ ಮೆಕ್ಯಾನಿಕ್‌ಗೆ ಫೋನ್ ಹಚ್ಚಿದಳು. ಅವನಿರುವ ಕಟ್ಟಡದಲ್ಲಿ ನಾಯಿ ಸಾಕುವ ಹಾಗಿಲ್ಲ. ನಿಲ್ದಾಣದವರು ಪ್ರಾಣಿಗಳ ಆಶ್ರಮಕ್ಕೆ ಕಳಿಸುತ್ತಾರೆ. "ಸ್ವಲ್ಪ ದಿನ ನೋಡ್ತಾರೆ ಅಕ್ಕ. ಮುದಿ ನಾಯೀನ ಯಾರೂ ತಗೊಳ್ಳಲ್ಲ. ಆಮೇಲೆ ಸೂಜಿ ಚುಚ್ಚಿಬಿಡ್ತಾರೆ" ಎಂದ ಅವನು, ಬಹಳ ಸಂಕೋಚದಿಂದ.

ಆಗ ಸುಂಕದಕ್ಕ ಮೂವತ್ತು ವರ್ಷದಿಂದ ಯಾರಿಗೂ ಮಾಡಬೇಡಿ ಎಂದಿದ್ದನ್ನು ಮಾಡಿದಳು. ಸಾಹೇಬನ ಎದುರಿನ ಕುರ್ಚಿಯ ತುದಿಯಲ್ಲಿ ಕೂತು ಎಲ್ಲವನ್ನೂ ಹೇಳಿಕೊಂಡಳು. ಹೆಂಡತಿ ಸತ್ತ ಮೇಲೆ ತಮ್ಮ ಊಟ ಬಿಟ್ಟದ್ದು, ಮೆಟ್ಟಿಲ ಮೇಲೆ ಕೂತ ನಾಯಿ, ಎದೆಯ ಮೇಲಿನ ಭಾರ, ತಾನು ತಡ್ಕೋ ಎಂದದ್ದು. "ನಾನು ಬಾ ಅಂದಿದ್ರೆ ಬದುಕಿರ್ತಿದ್ದ ಸಾರ್. ಈ ನಾಯಿಗೋಸ್ಕರ ತಡೆಸಿದೆ. ಈಗ ಇದೂ ಹೋದ್ರೆ ಅವನನ್ನ ಯಾವ ಪುರುಷಾರ್ಥಕ್ಕೆ ಕೊಂದ ಹಾಗಾಯ್ತು?"

ಸಾಹೇಬ ನಡುವೆ ಒಮ್ಮೆಯೂ ಬಾಯಿ ಹಾಕಲಿಲ್ಲ. ಟೀ ತರಿಸಿ ಅವಳ ಮುಂದಿಟ್ಟ. ಕನ್ನಡಕ ತೆಗೆದು ಒರೆಸಿಕೊಂಡ, ಕಣ್ಣನ್ನೂ ಒರೆಸಿಕೊಂಡ. ಆಮೇಲೆ ವಾಪಸಾತಿಯ ಕಾಗದವನ್ನು ಅವಳತ್ತ ಸರಿಸಿ, ಎಲ್ಲಿ ಸಹಿ ಹಾಕಬೇಕೋ ಅಲ್ಲಿ ಬೆರಳಿಟ್ಟು ತೋರಿಸಿದ.

ಅವಳಿಗೆ ಅವನ ಮೇಲೆ ಸಿಟ್ಟು ಬರಲಿಲ್ಲ. ಅವನಾದರೂ ಕೊನೆಯ ತನಕ ಕೇಳಿಸಿಕೊಂಡಿದ್ದ. ಪುಟ್ಟ ದಿನಾ ಸಂಜೆ ಸುಖದುಃಖ ಹೇಳಿಕೊಳ್ಳಲು ಬರುತ್ತಿದ್ದುದು ಇವಳ ಕಟ್ಟೆಗೆ. ಇವಳು ಒಂದು ದಿನವೂ ಪೂರ್ತಿ ಕೇಳದೆ, ತಾರೀಖು ಹೇಳಿ ಕಳಿಸಿದ್ದಳು.

ಸಹಿ ಹಾಕಿ ಶೆಡ್ಡಿಗೆ ಬಂದಾಗ ಗಂಡನ ಫೋನ್ ಬಂತು. ಮನೆ ಮುಂದೆ ಜನ ಸೇರಿದ್ದಾರೆ, ಇನ್ನೆಷ್ಟು ಹೊತ್ತು ಕಾಯಿಸುವುದು, ಎಂದ. "ಬರ್ತೀನಿ. ಕೆಲಸ ಆಗ್ಲಿಲ್ಲ ಕಣ್ರೀ. ಸರಿ, ಇಡ್ಲಾ?" ಎಂದಳು.

ಪಂಜರದೊಳಗೆ ಸದ್ದಾಯಿತು. ಮರಿ ಎದ್ದು ನಿಂತಿತ್ತು. ಸೊರಗಿದ ಹಿಂಗಾಲುಗಳು ನಡುಗುತ್ತಿದ್ದವು, ಬಾಲ ಮಾತ್ರ ಪಂಜರದ ಗೋಡೆಗೆ ಪಟಪಟ ಬಡಿಯುತ್ತಿತ್ತು. ಮೂತಿಯನ್ನು ಜಾಲರಿಗೆ ಒತ್ತಿ, ಯಾರಾದರೂ ಬಾಗಿಲು ತೆಗೆದು ಸರಪಳಿ ಹಾಕುತ್ತಾರೆಂದು ಆಚೀಚೆ ಹುಡುಕಿತು. ಬೆಳಿಗ್ಗೆಯಿಂದ ಗುರುತು ಸಿಗದಿದ್ದವಳ ದನಿ ಈಗ ಸಿಕ್ಕಿತ್ತು. ಸುಂಕದಕ್ಕ ಫೋನನ್ನು ಕೈಯಲ್ಲಿ ಹಿಡಿದುಕೊಂಡೇ ಪಂಜರದ ಎದುರು ನೆಲದ ಮೇಲೆ ಕೂತಳು. ಎಷ್ಟು ಹೊತ್ತು ಕಾದರೂ ಬಾಗಿಲು ತೆರೆಯದ್ದನ್ನು ಕಂಡು ಮರಿ ಮೆಲ್ಲಗೆ ಮತ್ತೆ ಅಂಗಿಯ ಮೇಲೆ ಕೂತಿತು, ಕಿವಿ ಮಾತ್ರ ನೆಟ್ಟಗೇ ಇತ್ತು.

ಅವಳು ಜಾಲರಿಯೊಳಗೆ ಬೆರಳು ತೂರಿಸಿ ಮಾತಾಡತೊಡಗಿದಳು. "ಏನು ಅಡಿಗೆ ಮಾಡಿದ್ದನೋ ಅವತ್ತು? ಊಟ ಮಾಡಿ ಮಲಗಿದ್ನಾ? ನನ್ನ ಬೈಕೊಂಡ್ನಾ? ಬೈಕೊಳ್ಳಲ್ಲ ಬಿಡು, ಅವನಿಗೆ ಬೈಯ್ಯಕ್ಕೆ ಬರ್ತಿರಲಿಲ್ಲ. ಸಣ್ಣವನಿದ್ದಾಗ ನಾನು ಹೊಡೆದ್ರೂ ನನ್ನ ಹಿಂದೇನೇ ಬರ್ತಿದ್ದ." ತನ್ನ ಆಫೀಸಿನ ಸುದ್ದಿ ಹೇಳಿದಳು, ಮೊಣಕಾಲು ನೋವಿನ ಸುದ್ದಿ ಹೇಳಿದಳು. ಪುಟ್ಟನಿಗಾಗಿ ಸುಣ್ಣ ಬಳಿಸಿದ ಮಹಡಿಯ ಕೋಣೆ, ಮರಿಗೆಂದು ಅಲ್ಲಿ ಹಾಸಿಟ್ಟ ಗೋಣಿ, ಎಲ್ಲ ಹೇಳಿದಳು. ಎರಡು ವರ್ಷ ಹ್ಞೂಂಗುಟ್ಟಿದ್ದೆಲ್ಲ ಈಗ ಮಾತಾಗಿ ಬರುತ್ತಿತ್ತು. ಮರಿ ಅವಳ ಬೆರಳನ್ನು ನೆಕ್ಕಿತು, ಮಾತು ಮುಗಿಯುವುದನ್ನೇ ಕಾಯುತ್ತಾ ಅವಳ ಬಾಯನ್ನೇ ನೋಡಿತು.

"ಅಕ್ಕಾ, ಹೊತ್ತಾಯ್ತು" ಎಂದ ಲೋಡರ್. ಪಂಜರವನ್ನು ತಳ್ಳುಗಾಡಿಗೆ ಏರಿಸಿದರು. ಅವಳು ಪಕ್ಕದಲ್ಲೇ ಮಾತಾಡುತ್ತಾ ನಡೆದಳು. ಬಾಗಿಲಾಚೆಯ ಹಳದಿ ಗೆರೆಯ ತನಕ ಮಾತ್ರ ಅವಳ ಪಾಸು ನಡೆಯುತ್ತಿತ್ತು. ಗೆರೆಯ ಹತ್ತಿರ ನಿಂತಳು, ಗಾಡಿ ಮುಂದೆ ಹೋಯಿತು. ಜಾಲರಿಯ ಹಿಂದೆ ಆ ಎರಡು ಕಿವಿ ಇನ್ನೂ ನೆಟ್ಟಗೆ ನಿಂತಿದ್ದವು, ಒಂದು ಮಾತಿಗಾಗಿ.

ಆ ಮಾತನ್ನು ಅವಳು ಆಡಲಿಲ್ಲ. ಕೇಳಿಸಲಿ ಎಂದು ದನಿ ಏರಿಸಿ, ಮಹಡಿಯ ಕೋಣೆಯ ಕಿಟಕಿಯಿಂದ ಏನೇನು ಕಾಣುತ್ತದೆಂದು ಹೇಳುತ್ತಲೇ ಇದ್ದಳು. ವಿಮಾನದ ಬಾಗಿಲು ಮುಚ್ಚಿದ ಮೇಲೂ ಹೇಳುತ್ತಿದ್ದಳು.